ನಾಯಿ ಕಚ್ಚಿದವರ ಪ್ರಾಣ ಉಳಿಸಿದ ಲೂಯಿ ಪಾಶ್ಚರ್



ಈ ಸಲದ ಗೋಡೆ ಪತ್ರಿಕೆಗೆ ಒಬ್ಬೊಬ್ಬರೂ ಒಬ್ಬ ಮಹನೀಯರ ಜೀವನ ಚರಿತ್ರೆ ಬರೆಯಬೇಕು ಅಂತ ಮೇಷ್ಟ್ರು ಹೇಳಿದಾಗ ಗಾಂಧೀಜಿ, ವಿಶ್ವೇಶ್ವರಯ್ಯ, ಕಿತ್ತೂರು ಚೆನ್ನಮ್ಮ ಎಲ್ಲರನ್ನೂ ಮುಂದಿನ ಸಾಲಿನವರೇ ಹಂಚಿಕೊಂಡುಬಿಟ್ಟರು. ನಾನು ಎದ್ದು ನಿಂತು ಲೂಯಿ ಪಾಶ್ಚರ್ ಅಂದೆ. ಅದ್ಯಾರೋ ಅಂತ ಹಿಂದಿನಿಂದ ನಕ್ಕರು. ನಾನು ಅವರನ್ನು ಆರಿಸಿಕೊಂಡಿದ್ದಕ್ಕೆ ಕಾರಣ ಇದೆ. ನನ್ನ ಎಡಗಾಲಿನ ಮೀನಖಂಡದ ಮೇಲೆ ಎರಡು ಹಲ್ಲಿನ ಗುರುತು ಇದೆ. ಅದರ ವಿಷಯ ಕೊನೆಯಲ್ಲಿ ಹೇಳ್ತೀನಿ. ಮೊದಲು ಪಾಶ್ಚರ್ ಅವರ ಕಥೆ ಓದಿ.

ಲೂಯಿ ಪಾಶ್ಚರ್ ಹುಟ್ಟಿದ್ದು ಫ್ರಾನ್ಸ್ ದೇಶದ ದೋಲ್ ಎಂಬ ಊರಿನಲ್ಲಿ, 1822ನೇ ಇಸವಿ ಡಿಸೆಂಬರ್ 27ರಂದು. ಅವರ ತಂದೆ ಚರ್ಮ ಹದ ಮಾಡುವ ಕೆಲಸದವರು. ಅದಕ್ಕೂ ಮುಂಚೆ ನೆಪೋಲಿಯನ್ ಸೈನ್ಯದಲ್ಲಿದ್ದರು. ಲೂಯಿ ಚಿಕ್ಕವನಾಗಿದ್ದಾಗಲೇ ಮನೆಯವರೆಲ್ಲ ಆರ್ಬ್ವಾ ಎಂಬ ಸಣ್ಣ ಪಟ್ಟಣಕ್ಕೆ ಬಂದು ನೆಲೆಸಿದರು. ಶಾಲೆಯಲ್ಲಿ ಲೂಯಿ ಮೊದಮೊದಲು ಅಂಥ ಜಾಣನೇನೂ ಆಗಿರಲಿಲ್ಲ. ಅವನಿಗೆ ಚಿತ್ರ ಬರೆಯುವ ಹುಚ್ಚು. 13ನೇ ವಯಸ್ಸಿನಲ್ಲಿ ಬಣ್ಣದ ಕಡ್ಡಿಗಳಿಂದ ತನ್ನ ತಾಯಿಯ ಚಿತ್ರ ಬರೆದ. ಆ ಚಿತ್ರ ಈಗಲೂ ಉಳಿದಿದೆ. ನನಗೂ ಈಗ 13. ನಾನೂ ಅಮ್ಮನ ಚಿತ್ರ ಬರೆದೆ. ಅದನ್ನು ನೋಡಿ ನನ್ನ ತಂಗಿ ಇದು ಹೆಡ್ ಮೇಷ್ಟ್ರು ತಾನೇ ಅಂತ ಕೇಳಿದಳು.

ಲೂಯಿಗೆ ಎಂಟು ವರ್ಷವಿದ್ದಾಗ, 1831ರಲ್ಲಿ, ಒಂದು ಘಟನೆ ನಡೆಯಿತು. ಹುಚ್ಚು ಹಿಡಿದ ತೋಳವೊಂದು ಕಾಡಿನಿಂದ ಬಂದು ಸುತ್ತಮುತ್ತಲ ಹಳ್ಳಿಗಳಲ್ಲಿ ಸಿಕ್ಕಸಿಕ್ಕವರನ್ನು ಕಚ್ಚಿತು. ಆಗ ಇದಕ್ಕೆ ಔಷಧಿಯೇ ಇರಲಿಲ್ಲ. ಕಬ್ಬಿಣದ ಸರಳನ್ನು ಕೆಂಪಗೆ ಕಾಯಿಸಿ ಗಾಯದ ಮೇಲೆ ಬರೆ ಹಾಕುವುದೇ ಚಿಕಿತ್ಸೆ. ಹಾಗೆ ಬರೆ ಹಾಕಿಸಿಕೊಳ್ಳಲು ಒಬ್ಬನನ್ನು ಲೂಯಿಯ ಮನೆ ಹತ್ತಿರದ ಕಮ್ಮಾರನ ಕುಲುಮೆಗೆ ಕರೆತಂದರು. ಅವನ ಕೂಗು ಲೂಯಿಗೆ ಕೇಳಿಸಿತು. ಅಷ್ಟು ನೋವು ತಿಂದರೂ ತೋಳ ಕಚ್ಚಿದವರಲ್ಲಿ ಹಲವರು ಬದುಕಲಿಲ್ಲ. ಎಂಟು ವರ್ಷದ ಹುಡುಗ ಅದನ್ನು ಮರೆಯಲಿಲ್ಲ.

ಹೆಚ್ಚು ಓದಲೆಂದು 15ನೇ ವಯಸ್ಸಿನಲ್ಲಿ ಅವನನ್ನು ಪ್ಯಾರಿಸ್ ನಗರಕ್ಕೆ ಕಳಿಸಿದರು. ಅಲ್ಲಿ ಅವನಿಗೆ ಮನೆಯ ನೆನಪು ಕಾಡಿತು. ಊಟ ಸೇರಲಿಲ್ಲ, ನಿದ್ದೆ ಬರಲಿಲ್ಲ. ಅಪ್ಪ ಹದ ಮಾಡುವ ಚರ್ಮದ ವಾಸನೆ ಬಂದರೂ ಸಾಕು ಅನ್ನಿಸುತ್ತಿತ್ತಂತೆ. ಕೊನೆಗೆ ತಂದೆಯೇ ಹೋಗಿ ಮನೆಗೆ ಕರೆದುಕೊಂಡು ಬಂದರು. ಹಾಸ್ಟೆಲ್‌ನಿಂದ ಓಡಿ ಬಂದಿರುವ ನಮ್ಮ ಊರಿನ ಅಣ್ಣಂದಿರು ಇದನ್ನು ಓದಿ ಬೇಜಾರು ಮಾಡಿಕೊಳ್ಳುವುದು ಬೇಡ. ಪಾಶ್ಚರ್ ಮತ್ತೆ ಹೋದರು. ಒಂದು ಪರೀಕ್ಷೆಯಲ್ಲಿ ರಸಾಯನಶಾಸ್ತ್ರಕ್ಕೆ ಸಾಧಾರಣ ಎಂದು ಬರೆದು ಕೊಟ್ಟಿದ್ದರು. ಪ್ಯಾರಿಸ್ಸಿನ ದೊಡ್ಡ ಕಾಲೇಜಿಗೆ ಮೊದಲ ಸಲ ಸೀಟು ಸಿಕ್ಕಿದರೂ ತನ್ನ ಸ್ಥಾನ ಹಿಂದಿದೆ ಅಂತ ಸೇರಲಿಲ್ಲ. ಇನ್ನೊಂದು ವರ್ಷ ಕಷ್ಟಪಟ್ಟು ಓದಿ, ಮೇಲಿನ ಸ್ಥಾನ ಪಡೆದು 1843ರಲ್ಲಿ ಸೇರಿದರು. ಮುಂದೆ ಅದೇ ರಸಾಯನಶಾಸ್ತ್ರದಲ್ಲಿ ಪ್ರೊಫೆಸರ್ ಆದರು. 1849ರಲ್ಲಿ ಮರೀ ಎಂಬುವರನ್ನು ಮದುವೆಯಾದರು. ಮರೀ ಅವರು ಕೊನೆಯವರೆಗೂ ಗಂಡನ ಕೆಲಸದಲ್ಲಿ ಜೊತೆಯಾಗಿದ್ದರು.

ಪಾಶ್ಚರ್ ಲೀಲ್ ಎಂಬ ನಗರದಲ್ಲಿದ್ದಾಗ ಸಾರಾಯಿ ಕಾರ್ಖಾನೆಯವರು ತಮ್ಮ ಪೀಪಾಯಿಗಳಲ್ಲಿ ಸರಕು ಹುಳಿಯಾಗಿ ಕೆಡುತ್ತಿದೆ ಅಂತ ಬಂದರು. ಪಾಶ್ಚರ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ಅದರಲ್ಲಿದ್ದವು. ನಮ್ಮ ಮನೆಯಲ್ಲಿ ಇಡ್ಲಿ ಹಿಟ್ಟು ಉಬ್ಬುವುದು, ಹಾಲು ಮೊಸರಾಗುವುದು ಎಲ್ಲ ಇಂಥ ಜೀವಿಗಳಿಂದಲೇ. ಆಗಿನ ಕಾಲದ ದೊಡ್ಡ ದೊಡ್ಡ ಪಂಡಿತರು ಈ ಜೀವಿಗಳು ತಮ್ಮಷ್ಟಕ್ಕೆ ತಾವೇ ಹುಟ್ಟುತ್ತವೆ ಎಂದು ನಂಬಿದ್ದರು. ಪಾಶ್ಚರ್ ಅವರು ಹಂಸದ ಕತ್ತಿನ ಹಾಗೆ ಬಾಗಿದ ಕೊಳವೆ ಇರುವ ಗಾಜಿನ ಸೀಸೆಯಲ್ಲಿ ಸಾರು ಕುದಿಸಿ ಇಟ್ಟರು. ಗಾಳಿ ಒಳಗೆ ಹೋಗುತ್ತಿತ್ತು, ಆದರೆ ಧೂಳು ಬಾಗಿದ ಕೊಳವೆಯಲ್ಲೇ ನಿಂತುಬಿಡುತ್ತಿತ್ತು. ಸಾರು ಕೆಡಲಿಲ್ಲ. ಕತ್ತು ಮುರಿದರೆ ಬೇಗ ಕೆಟ್ಟುಹೋಗುತ್ತಿತ್ತು. ಅಂದರೆ ರೋಗಾಣುಗಳು ಹೊರಗಿನಿಂದ, ಧೂಳಿನ ಜೊತೆಗೆ ಬರುತ್ತವೆ ಎಂದು ಸಾಬೀತಾಯಿತು. ಆಮೇಲೆ ಅವರು ದ್ರಾಕ್ಷಾರಸವನ್ನು ಕುದಿಸದೆ ಒಂದು ಹದಕ್ಕೆ ಬಿಸಿ ಮಾಡಿ ಕೆಡದಂತೆ ಇಡುವ ವಿಧಾನ ಕಂಡುಹಿಡಿದರು. ಈಗ ಡೇರಿಯಲ್ಲಿ ಹಾಲಿಗೂ ಹೀಗೇ ಮಾಡುತ್ತಾರೆ. ಅದಕ್ಕೆ ಪಾಶ್ಚರೀಕರಣ ಎಂದು ಅವರದೇ ಹೆಸರು. ಹಾಲಿನ ಪ್ಯಾಕೆಟ್ ಮೇಲೆ ಓದಿ ನೋಡಿ, ಇರುತ್ತದೆ.

ಈಗ ಬರೆಯುವುದು ನಮ್ಮ ಊರಿನವರಿಗೆ ತುಂಬಾ ಬೇಕಾದ ಸಂಗತಿ. 1865ರ ಹೊತ್ತಿಗೆ ಫ್ರಾನ್ಸ್ ದೇಶದ ದಕ್ಷಿಣದ ಕಡೆ ರೇಷ್ಮೆ ಹುಳುಗಳಿಗೆ ರೋಗ ಹರಡಿತ್ತು. ಹುಳುವಿನ ಮೈಮೇಲೆ ಮೆಣಸಿನ ಪುಡಿ ಉದುರಿಸಿದ ಹಾಗೆ ಕಪ್ಪು ಚುಕ್ಕೆ. ಜ್ವರಕ್ಕೆ ಕೂತ ಹುಳು ಏಳುತ್ತಿರಲಿಲ್ಲ, ಎದ್ದರೂ ಗೂಡು ಕಟ್ಟುತ್ತಿರಲಿಲ್ಲ. ಸಾವಿರಾರು ಮನೆಗಳು ಹಾಳಾದವು. ಸರ್ಕಾರದವರು ಪಾಶ್ಚರ್ ಅವರನ್ನು ಅಲ್ಲಿಗೆ ಕಳಿಸಿದರು. ಅವರು ಅದುವರೆಗೆ ರೇಷ್ಮೆ ಹುಳುವನ್ನು ಕೈಯಲ್ಲಿ ಮುಟ್ಟಿಯೂ ಇರಲಿಲ್ಲ! ಐದು ವರ್ಷ ಅಲ್ಲಿಗೆ ಹೋಗಿ ಬಂದು ಕೆಲಸ ಮಾಡಿದರು. ಒಂದೊಂದು ತಾಯಿ ಚಿಟ್ಟೆಯಿಂದಲೂ ಬೇರೆ ಬೇರೆಯಾಗಿ ಮೊಟ್ಟೆ ಇಡಿಸಿ, ಆಮೇಲೆ ಆ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು, ರೋಗದ ಕಣ ಕಂಡರೆ ಅದರ ಮೊಟ್ಟೆ ಸುಟ್ಟುಹಾಕಬೇಕು ಎಂದು ತೋರಿಸಿಕೊಟ್ಟರು. ನಾವು ಗಂಟು ರೋಗ ಅನ್ನೋದು ಇದಕ್ಕೇ. ನಮ್ಮ ಮನೆಗೆ ಮೊಟ್ಟೆ ಬರುವ ಬಿತ್ತನೆ ಕೋಠಿಯಲ್ಲಿ ಈಗಲೂ ತಾಯಿ ಚಿಟ್ಟೆಯನ್ನು ಅರೆದು ನೋಡ್ತಾರೆ. ಅದನ್ನು ಕಲಿಸಿದವರು ಪಾಶ್ಚರ್ ಅಂತ ಗೊತ್ತಾದಾಗ ನಮ್ಮ ಅಪ್ಪನಿಗೂ ಆಶ್ಚರ್ಯ ಆಯಿತು.

ಆ ವರ್ಷಗಳಲ್ಲಿ ಅವರ ಮನೆಯಲ್ಲಿ ಸಾವಿನ ಮೇಲೆ ಸಾವು. ಐದು ಮಕ್ಕಳಲ್ಲಿ ಮೊದಲನೆಯ ಮಗಳು ಜಾನ್ ಒಂಬತ್ತು ವರ್ಷಕ್ಕೆ 1859ರಲ್ಲೇ ಟೈಫಾಯ್ಡ್ ಜ್ವರದಿಂದ ಹೋಗಿದ್ದಳು. 1865ರಲ್ಲಿ ತಂದೆ ತೀರಿಕೊಂಡರು. ಅದೇ ವರ್ಷ ಎರಡು ವರ್ಷದ ಕಾಮಿಯ್ ಎಂಬ ಮಗಳು. ಮಾರನೇ ವರ್ಷ 12 ವರ್ಷದ ಸೆಸಿಲ್, ಅವಳಿಗೂ ಟೈಫಾಯ್ಡ್. ರೋಗಾಣುಗಳ ವಿಷಯ ಎಲ್ಲರಿಗಿಂತ ಹೆಚ್ಚು ತಿಳಿದಿದ್ದವರಿಗೇ ತಮ್ಮ ಮಕ್ಕಳನ್ನು ಉಳಿಸಿಕೊಳ್ಳಲು ಆಗಲಿಲ್ಲ. 1868ರಲ್ಲಿ ಅವರಿಗೇ ಲಕ್ವ ಹೊಡೆಯಿತು. ಆಗ ಅವರಿಗೆ 45 ವರ್ಷ. ಎಡಗೈ ಎಡಗಾಲು ಪೂರ್ತಿ ಸರಿಹೋಗಲೇ ಇಲ್ಲ. ನಾನು ಮುಂದೆ ಹೇಳುವ ದೊಡ್ಡ ಕೆಲಸಗಳನ್ನೆಲ್ಲ ಅವರು ಮಾಡಿದ್ದು ಹೀಗೆ ಕಾಲು ಎಳೆದುಕೊಂಡು ನಡೆಯುತ್ತಲೇ.

ಆ ಕಾಲದಲ್ಲಿ ಡಾಕ್ಟರುಗಳು ಕೈ ತೊಳೆಯದೆಯೇ ಆಪರೇಷನ್ ಮಾಡುತ್ತಿದ್ದರು. ಗಾಯ ಕೀವು ಹಿಡಿದು ಜನ ಸಾಯುತ್ತಿದ್ದರು. ಪಾಶ್ಚರ್ ಬರೆದದ್ದನ್ನು ಓದಿ ಬ್ರಿಟನ್ ದೇಶದ ಜೋಸೆಫ್ ಲಿಸ್ಟರ್ ಎಂಬ ಡಾಕ್ಟರು ಕಾರ್ಬಾಲಿಕ್ ಆಮ್ಲದಿಂದ ಗಾಯ ಶುಚಿ ಮಾಡುವುದನ್ನು ಶುರು ಮಾಡಿದರು. ಪಾಶ್ಚರ್ ಕೂಡ ಡಾಕ್ಟರುಗಳಿಗೆ ಕೈ ತೊಳೆಯಿರಿ, ಸಾಮಾನುಗಳನ್ನು ಬೆಂಕಿಯಲ್ಲಿ ಕಾಯಿಸಿರಿ, ಬಟ್ಟೆಯನ್ನು ಬಿಸಿಯಲ್ಲಿ ಶುಚಿ ಮಾಡಿರಿ ಎಂದು ಮತ್ತೆ ಮತ್ತೆ ಹೇಳಿದರು. ಇವನು ಡಾಕ್ಟರೇ ಅಲ್ಲ, ನಮಗೇನು ಹೇಳುವುದು ಎಂದು ಕೆಲವರು ಸಿಟ್ಟಾದರು. ಪಾಶ್ಚರ್ ಮಾತ್ರ ಊಟಕ್ಕೆ ಕೂತಾಗಲೂ ತಟ್ಟೆ ಲೋಟವನ್ನು ಒರೆಸಿ ಒರೆಸಿ ನೋಡುತ್ತಿದ್ದರಂತೆ. ನಮ್ಮ ಬಿಸಿಯೂಟದ ಸಾಲಿನಲ್ಲಿ ಕೈ ತೊಳೆಯದೆ ನುಗ್ಗುವವರು ಇದನ್ನು ಎರಡು ಸಲ ಓದಬೇಕು.

1881ರಲ್ಲಿ ಕುರಿಗಳಿಗೆ ಬರುವ ಆಂಥ್ರಾಕ್ಸ್ ರೋಗಕ್ಕೆ, ಅಂದರೆ ನೆರಡಿ ರೋಗಕ್ಕೆ, ಪಾಶ್ಚರ್ ಲಸಿಕೆ ಮಾಡಿದರು. ರೋಗಾಣುವಿನ ಶಕ್ತಿ ಕುಂದಿಸಿ ಮೈಗೆ ಚುಚ್ಚಿದರೆ, ಮೈ ಅದರ ಜೊತೆ ಹೋರಾಡುವುದನ್ನು ಕಲಿತುಕೊಳ್ಳುತ್ತದೆ. ಎಲ್ಲರೂ ನೋಡುವಂತೆ ಒಂದು ಹಳ್ಳಿಯಲ್ಲಿ ಪರೀಕ್ಷೆ ನಡೆಯಿತು. 24 ಕುರಿಗಳಿಗೆ ಲಸಿಕೆ, ಇನ್ನು ಅಷ್ಟೇ ಕುರಿಗಳಿಗೆ ಇಲ್ಲ. ಆಮೇಲೆ ಎಲ್ಲಕ್ಕೂ ಜೋರಾದ ರೋಗಾಣು ಕೊಟ್ಟರು. ಜೂನ್ 2ರಂದು ಜನ ಬಂದು ನೋಡಿದಾಗ ಲಸಿಕೆ ಹಾಕದ ಕುರಿಗಳು ಸಾಲಾಗಿ ಸತ್ತು ಬಿದ್ದಿದ್ದವು. ಹಾಕಿದವು ಓಡಾಡಿಕೊಂಡಿದ್ದವು.

ಆಮೇಲೆ ಪಾಶ್ಚರ್ ಹುಚ್ಚು ನಾಯಿ ರೋಗಕ್ಕೆ ಕೈ ಹಾಕಿದರು. ಇದಕ್ಕೆ ರೇಬೀಸ್ ಎನ್ನುತ್ತಾರೆ. ಇದರ ರೋಗಾಣು ವೈರಸ್. ಆಗಿನ ಸೂಕ್ಷ್ಮದರ್ಶಕದಲ್ಲಿ ಅದು ಕಾಣುತ್ತಲೇ ಇರಲಿಲ್ಲ. ಕಾಣದ ಶತ್ರುವಿನ ಜೊತೆ ಯುದ್ಧ. ಬಾಯಲ್ಲಿ ಗಾಜಿನ ನಳಿಕೆ ಹಿಡಿದು, ಕಟ್ಟಿಹಾಕಿದ ಹುಚ್ಚು ನಾಯಿಯ ಬಾಯಿಂದ ಜೊಲ್ಲು ಎಳೆದು ತೆಗೆದರಂತೆ. ಓದುವಾಗಲೇ ನನಗೆ ಮೈ ಜುಮ್ಮೆಂದಿತು. ರೂ ಎಂಬ ಡಾಕ್ಟರ ಜೊತೆ ಸೇರಿ, ರೋಗ ಬಂದ ಮೊಲದ ಬೆನ್ನುಹುರಿಯನ್ನು ಸೀಸೆಯಲ್ಲಿ ತೂಗುಹಾಕಿ ಒಣಗಿಸಿದರು. ಒಣಗಿದಷ್ಟೂ ಅದರ ವಿಷ ಕಡಿಮೆಯಾಗುತ್ತಿತ್ತು. ಅದರಿಂದ ಲಸಿಕೆ ಮಾಡಿ ನಾಯಿಗಳಿಗೆ ಕೊಟ್ಟು ನೋಡಿದರು. ಮನುಷ್ಯರಿಗೆ ಕೊಡಲು ಮಾತ್ರ ಅವರಿಗೆ ಧೈರ್ಯ ಬರಲಿಲ್ಲ.

1885 ಜುಲೈ 6ರಂದು ಅಲ್ಸೇಸ್ ಎಂಬ ಕಡೆಯಿಂದ ಒಬ್ಬ ತಾಯಿ ತನ್ನ ಒಂಬತ್ತು ವರ್ಷದ ಮಗನನ್ನು ಕರೆದುಕೊಂಡು ಬಂದರು. ಹುಡುಗನ ಹೆಸರು ಜೋಸೆಫ್ ಮೈಸ್ಟರ್. ಎರಡು ದಿನದ ಹಿಂದೆ ಹುಚ್ಚು ನಾಯಿ ಅವನಿಗೆ 14 ಕಡೆ ಕಚ್ಚಿತ್ತು. ನಡೆಯಲೂ ಆಗುತ್ತಿರಲಿಲ್ಲ. ಲಸಿಕೆ ಕೊಟ್ಟು ಹುಡುಗ ಸತ್ತರೆ ಅಪವಾದ ಪಾಶ್ಚರ್ ಮೇಲೆ ಬರುತ್ತದೆ. ಕೊಡದಿದ್ದರೆ ಹುಡುಗ ಸಾಯುವುದು ಹೆಚ್ಚುಕಡಿಮೆ ಖಂಡಿತ. ಪಾಶ್ಚರ್ ಡಾಕ್ಟರಲ್ಲವಾದ್ದರಿಂದ ಅವರು ಸೂಜಿ ಚುಚ್ಚುವ ಹಾಗಿಲ್ಲ. ಇಬ್ಬರು ಡಾಕ್ಟರನ್ನು ಕೇಳಿದರು. ಅವರು ಒಪ್ಪಿದರು. ಗ್ರಾಂಷೆ ಎಂಬ ಡಾಕ್ಟರು ಚುಚ್ಚಿದರು. ಮೊದಲು ತುಂಬಾ ಒಣಗಿದ್ದು, ಆಮೇಲೆ ದಿನದಿಂದ ದಿನಕ್ಕೆ ಹೆಚ್ಚು ಜೋರಾದದ್ದು, ಹೀಗೆ 13 ಸೂಜಿ. ಹುಡುಗ ಅಲ್ಲಿದ್ದ ಕೋಳಿ ಮೊಲಗಳ ಜೊತೆ ಆಡಿಕೊಂಡಿದ್ದ. ಪಾಶ್ಚರ್‌ಗೆ ಮಾತ್ರ ರಾತ್ರಿಯೆಲ್ಲ ನಿದ್ದೆ ಇಲ್ಲ. ಜೋಸೆಫ್ ಬದುಕಿದ! ದೊಡ್ಡವನಾದ ಮೇಲೆ ಪಾಶ್ಚರ್ ಅವರ ಸಂಸ್ಥೆಯಲ್ಲೇ ಕಾವಲುಗಾರನಾಗಿ ಕೆಲಸ ಮಾಡಿದ.

ಅದೇ ವರ್ಷ ಅಕ್ಟೋಬರ್‌ನಲ್ಲಿ ಜುಪಿಯ್ ಎಂಬ 15 ವರ್ಷದ ಕುರಿ ಕಾಯುವ ಹುಡುಗ ಬಂದ. ಚಿಕ್ಕ ಮಕ್ಕಳ ಮೇಲೆ ಬಿದ್ದ ಹುಚ್ಚು ನಾಯಿಯನ್ನು ಅವನು ಅಡ್ಡ ಬಂದು ಹಿಡಿದು, ಚಾಟಿಯಿಂದ ಅದರ ಬಾಯಿ ಕಟ್ಟಿದ್ದ. ಕೈ ತುಂಬ ಗಾಯ. ಅವನೂ ಬದುಕಿದ. ಅವನು ನಾಯಿಯ ಜೊತೆ ಹೋರಾಡುತ್ತಿರುವ ಪ್ರತಿಮೆ ಪ್ಯಾರಿಸ್‌ನಲ್ಲಿದೆ.

ಆದರೆ ಎಲ್ಲರೂ ಬದುಕಲಿಲ್ಲ. ಲೂಯೀಸ್ ಎಂಬ ಹತ್ತು ವರ್ಷದ ಹುಡುಗಿಗೆ ತಲೆಗೆ ನಾಯಿ ಕಚ್ಚಿತ್ತು. ಅವಳನ್ನು ಕರೆತಂದಾಗ ಕಚ್ಚಿ 37 ದಿನ ಆಗಿಹೋಗಿತ್ತು. ಹೊತ್ತು ಮೀರಿದೆ ಎಂದು ಪಾಶ್ಚರ್‌ಗೆ ಗೊತ್ತಿತ್ತು. ಆದರೂ ತಂದೆ ತಾಯಿ ಬೇಡಿಕೊಂಡಾಗ ಇಲ್ಲ ಎನ್ನಲಾಗದೆ ಲಸಿಕೆ ಕೊಡಿಸಿದರು. ಅವಳು ಉಳಿಯಲಿಲ್ಲ. ಪಾಶ್ಚರ್ ಅವಳ ಹಾಸಿಗೆ ಪಕ್ಕದಲ್ಲಿ ಕೂತಿದ್ದು, ಹೊರಗೆ ಬಂದು ಅತ್ತರಂತೆ. ಈ ಭಾಗ ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟೆ. ಯಾಕೆ ಅಂತ ಕೊನೆಗೆ ಗೊತ್ತಾಗುತ್ತೆ.

1886 ಮಾರ್ಚ್ ಹೊತ್ತಿಗೆ 350 ಜನರಿಗೆ ಲಸಿಕೆ ಕೊಟ್ಟಿದ್ದರು. ಸತ್ತವಳು ಲೂಯೀಸ್ ಒಬ್ಬಳೇ. ದೇಶ ವಿದೇಶದಿಂದ ಬಡವರೂ ಶ್ರೀಮಂತರೂ ಹಣ ಕಳಿಸಿದರು. 1888 ನವೆಂಬರ್ 14ರಂದು ಪ್ಯಾರಿಸ್‌ನಲ್ಲಿ ಪಾಶ್ಚರ್ ಸಂಸ್ಥೆ ಆರಂಭವಾಯಿತು. ಅವತ್ತು ಅವರಿಗೆ ಮಾತೇ ಹೊರಡದೆ, ಭಾಷಣವನ್ನು ಮಗ ಓದಿದ. 1895 ಸೆಪ್ಟೆಂಬರ್ 28ರಂದು ಪಾಶ್ಚರ್ ತೀರಿಕೊಂಡರು. ಅವರ ಸಮಾಧಿ ಅದೇ ಸಂಸ್ಥೆಯಲ್ಲಿದೆ. ಈಗ ಪ್ರತಿ ವರ್ಷ ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ.

ಅವರ ಕೆಲಸ ನಮ್ಮ ದೇಶಕ್ಕೂ ಬಂತು. 1900ರಲ್ಲಿ ಕಸೌಲಿಯಲ್ಲಿ, 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಪಾಶ್ಚರ್ ಹೆಸರಿನ ಸಂಸ್ಥೆಗಳು ಶುರುವಾದವು. ನಮ್ಮಲ್ಲಿ ಮುಂಚೆ ಕುರಿಯ ಮಿದುಳಿನಿಂದ ಮಾಡಿದ ಲಸಿಕೆ ಇತ್ತು. ಅದನ್ನು ಹೊಟ್ಟೆಗೆ ಚುಚ್ಚುತ್ತಿದ್ದರು. 2004ರ ಕೊನೆಗೆ ಅದನ್ನು ನಮ್ಮ ದೇಶದಲ್ಲಿ ನಿಲ್ಲಿಸಿದರು. ಈಗಿನ ಲಸಿಕೆ ತೋಳಿಗೆ.

ಈಗ ನನ್ನ ವಿಷಯ. ಹೋದ ವರ್ಷ ಆರನೇ ತರಗತಿಯಲ್ಲಿದ್ದಾಗ ತೊಂಬೆ ಹತ್ತಿರ ಒಂದು ಮರಿ ನಾಯಿಯ ಬಾಲ ಎಳೆದು ಆಡ್ತಾ ಇದ್ದೆ. ಅದು ಕಾಲಿಗೆ ಕಚ್ಚಿತು. ಸ್ವಲ್ಪ ರಕ್ತ ಬಂತು. ಮರಿ ತಾನೇ ಅಂದುಕೊಂಡೆ. ಅಜ್ಜಿಯ ಎಲೆಅಡಿಕೆ ಚೀಲದಿಂದ ಸುಣ್ಣ ಕದ್ದು ಹಚ್ಚಿದೆ. ಮನೆಯಲ್ಲಿ ಹೇಳಲಿಲ್ಲ. ಹೇಳಿದರೆ ಅಪ್ಪ ಹೊಡೀತಾರೆ, ಆಮೇಲೆ ಹೊಕ್ಕುಳ ಸುತ್ತ 14 ಸೂಜಿ ಹಾಕಿಸ್ತಾರೆ ಅಂತ ಭಯ. ಅಪ್ಪನಿಗೆ ಚಿಕ್ಕಂದಿನಲ್ಲಿ ಹಾಗೆ ಹಾಕಿಸಿದ್ದರು ಅಂತ ಅಜ್ಜಿ ಎಷ್ಟೋ ಸಲ ಹೇಳಿದ್ದರು. ಎರಡು ದಿನ ಮುಚ್ಚಿಟ್ಟೆ. ಮೂರನೇ ದಿನ ಪ್ರಾರ್ಥನೆಯಲ್ಲಿ ನಾನು ಕುಂಟುವುದನ್ನು ಮೇಷ್ಟ್ರು ನೋಡಿದರು. ಪ್ಯಾಂಟು ಮೇಲೆತ್ತಿಸಿ ನೋಡಿ, ಒಂದು ಮಾತೂ ಬೈಯದೆ ನಲ್ಲಿ ಹತ್ತಿರ ಕೂರಿಸಿ ಸೋಪು ಹಾಕಿ ತೊಳೆದರು. ಗಡಿಯಾರ ನೋಡಿಕೊಂಡು 15 ನಿಮಿಷ. ಅಪ್ಪನನ್ನು ಕರೆಸಿದರು.

ಸರ್ಕಾರಿ ಆಸ್ಪತ್ರೆಯ ಬೆಂಚಿನ ಮೇಲೆ ಅಪ್ಪ ತುಂಬಾ ಹೊತ್ತು ಸುಮ್ಮನೆ ಕೂತಿದ್ದರು. ಆಮೇಲೆ ಹೇಳಿದರು. ಅಪ್ಪನಿಗೆ ಕಚ್ಚಿದ ನಾಯಿಯೇ ಅವತ್ತು ಅವರ ಜೊತೆ ಆಡುತ್ತಿದ್ದ ಇನ್ನೊಬ್ಬ ಹುಡುಗನಿಗೂ ಕಚ್ಚಿತ್ತಂತೆ. ಅವನು ಸೂಜಿಗೆ ಹೆದರಿ ಮನೆಯಲ್ಲಿ ಹೇಳಲಿಲ್ಲ. ಗಾಯ ಮಾಯಿತು. ಎಲ್ಲರೂ ಮರೆತರು. ಎರಡು ತಿಂಗಳ ಮೇಲೆ ಅವನಿಗೆ ನೀರು ಕಂಡರೆ ಗಂಟಲು ಹಿಡಿಯಲು ಶುರುವಾಯಿತು. ಅಪ್ಪ ಅಷ್ಟಕ್ಕೇ ನಿಲ್ಲಿಸಿದರು. ನನ್ನನ್ನು ಹೊಡೆಯಲಿಲ್ಲ. ನನ್ನ ಕೈ ಹಿಡಿದುಕೊಂಡೇ ಇದ್ದರು.

ನನಗೆ ಗಾಯದ ಸುತ್ತ ಒಂದು ಔಷಧಿ ಚುಚ್ಚಿದರು. ಅದು ನೋವಾಯಿತು, ಸುಳ್ಳು ಹೇಳಲ್ಲ. ತೋಳಿಗೆ ಹಾಕಿದ್ದು ಮಾತ್ರ ಇರುವೆ ಕಚ್ಚಿದ ಹಾಗೆ. ಆಮೇಲೆ 3, 7 ಮತ್ತು 28ನೇ ದಿನ. ಆ ಮರಿ ನಾಯಿ ಆಮೇಲೆ ಕಾಣಲೇ ಇಲ್ಲ. ಅದಕ್ಕೆ ರೋಗ ಇತ್ತೋ ಇಲ್ಲವೋ ಯಾರಿಗೂ ತಿಳಿಯದು. ಲೂಯೀಸ್ 37 ದಿನ, ನಾನು ಎರಡು ದಿನ. ಮೇಷ್ಟ್ರು ನೋಡದಿದ್ದರೆ ನಾನೂ ಇನ್ನೆಷ್ಟು ದಿನ ಮುಚ್ಚಿಡುತ್ತಿದ್ದೆನೋ.

ಗೆಳೆಯರೇ, ರೇಬೀಸ್ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಔಷಧಿ ಇವತ್ತಿಗೂ ಇಲ್ಲ ಅಂತ ಡಾಕ್ಟರು ಹೇಳಿದರು. ವೈರಸ್ ಗಾಯದಿಂದ ನರದೊಳಗೆ ಹೊಕ್ಕು ನಿಧಾನವಾಗಿ ಮಿದುಳಿಗೆ ಹೋಗುತ್ತದಂತೆ. ಅದು ಅಲ್ಲಿಗೆ ಮುಟ್ಟುವುದರೊಳಗೆ ಲಸಿಕೆ ಕೆಲಸ ಮಾಡಬೇಕು. ಆದ್ದರಿಂದ ಇವನ್ನು ನೆನಪಿಡಿ.

1. ನಾಯಿ, ಬೆಕ್ಕು, ಕೋತಿ ಕಚ್ಚಿದರೆ ಅಥವಾ ಪರಚಿದರೆ ತಕ್ಷಣ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಸೋಪು ಈ ವೈರಸ್ಸನ್ನು ಹಾಳು ಮಾಡುತ್ತದೆ.
2. ಸುಣ್ಣ, ಖಾರದ ಪುಡಿ, ಅರಿಶಿನ, ಎಣ್ಣೆ, ಮಣ್ಣು ಏನನ್ನೂ ಹಚ್ಚಬೇಡಿ. ಬಿಗಿಯಾಗಿ ಬಟ್ಟೆ ಕಟ್ಟಬೇಡಿ.
3. ಮರಿಯಾದರೂ, ಸಾಕಿದ ನಾಯಿಯಾದರೂ ಅವತ್ತೇ ಆಸ್ಪತ್ರೆಗೆ ಹೋಗಿ. ತಡವಾಗಿದ್ದರೂ ಹೋಗಿ. ಮುಖಕ್ಕೆ, ತಲೆಗೆ ಕಚ್ಚಿದ್ದರೆ ಇನ್ನೂ ಬೇಗ.
4. ಡಾಕ್ಟರು ಹೇಳಿದಷ್ಟೂ ಸೂಜಿ ಹಾಕಿಸಿಕೊಳ್ಳಿ. ಗಾಯ ಮಾಯಿತು ಅಂತ ನಡುವೆ ಬಿಡಬೇಡಿ.
5. ಮನೆಯ ನಾಯಿಗೆ ವರ್ಷ ವರ್ಷ ಲಸಿಕೆ ಹಾಕಿಸಿ.
6. ಎಲ್ಲಕ್ಕಿಂತ ಮೊದಲು, ಮುಚ್ಚಿಡಬೇಡಿ. ಮನೆಯಲ್ಲಿ ಹೇಳಲು ಭಯವಾದರೆ ಮೇಷ್ಟ್ರಿಗೆ ಹೇಳಿ. ಮೇಷ್ಟ್ರಿಗೂ ಹೇಳಲು ಭಯವಾದರೆ ನನಗೆ ಹೇಳಿ, ನಾನು ಜೊತೆಗೆ ಬರ್ತೀನಿ.

ಎಂಟು ವರ್ಷದ ಲೂಯಿ ಕೇಳಿದ ಆ ಕೂಗನ್ನು ನಮ್ಮ ಊರಲ್ಲಿ ಯಾರೂ ಕೇಳಬೇಕಾಗಿಲ್ಲ. ಅವರು ಕೊಟ್ಟ ಸೂಜಿ ಇದೆ, ತೊಂಬೆಯಲ್ಲಿ ನೀರಿದೆ, ಎಲ್ಲರ ಮನೆಯಲ್ಲೂ ಸೋಪು ಇದೆ.

ನನ್ನ ಬರಹದಲ್ಲಿ ತಪ್ಪಿದ್ದರೆ ಗುರುಗಳು ತಿದ್ದಬೇಕು ಎಂದು ಕೇಳಿಕೊಳ್ಳುತ್ತೇನೆ. ಹಲ್ಲಿನ ಗುರುತು ನೋಡಬೇಕು ಅನ್ನುವವರಿಗೆ ಆಟದ ಬಿಡುವಿನಲ್ಲಿ ತೋರಿಸುತ್ತೇನೆ. ನಗಬಾರದು ಅಷ್ಟೆ.

ಇಂತಿ ನಿಮ್ಮ ಸಹಪಾಠಿ,
ಏಳನೇ ತರಗತಿ